ಸೂಜಿ ಕೊಡುವುದು ಪಾಪಕ್ಕೆ ಸಹಕಾರವೇ?

2025ರ ಮಾರ್ಚ್ ತಿಂಗಳಲ್ಲಿ ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಿಂದ ಬಂದ ಸುದ್ದಿಯೊಂದು ಅನೇಕರನ್ನು ಬೆಚ್ಚಿಬೀಳಿಸಿತು. ಮಾದಕ ದ್ರವ್ಯ ಚುಚ್ಚಿಕೊಳ್ಳುತ್ತಿದ್ದ ಒಂದೇ ಬಳಗದ ಒಂಬತ್ತು-ಹತ್ತು ಮಂದಿಗೆ ಎಚ್‌ಐವಿ ಸೋಂಕು ತಗಲಿರುವುದು ತಪಾಸಣೆಯಲ್ಲಿ ಬೆಳಕಿಗೆ ಬಂದಿತ್ತು. ಒಂದೇ ಸಿರಿಂಜನ್ನು ಹಲವರು ಹಂಚಿಕೊಂಡದ್ದೇ ಇದಕ್ಕೆ ಕಾರಣ. ಅದಕ್ಕೂ ಮೊದಲು, 2024ರ ಜುಲೈಯಲ್ಲಿ, ತ್ರಿಪುರಾ ರಾಜ್ಯದ 828 ವಿದ್ಯಾರ್ಥಿಗಳಲ್ಲಿ ಎಚ್‌ಐವಿ ಪತ್ತೆಯಾಗಿದ್ದು 47 ಮಂದಿ ತೀರಿಕೊಂಡಿದ್ದಾರೆಂಬ ವರದಿ ಬಂದಿತ್ತು. ಇದು 2007ರಿಂದ 2024ರವರೆಗಿನ ಒಟ್ಟು ಲೆಕ್ಕವೆಂದು ಅಲ್ಲಿನ ಸರ್ಕಾರ ಬಳಿಕ ಸ್ಪಷ್ಟಪಡಿಸಿತಾದರೂ ಅವರಲ್ಲಿ ಹೆಚ್ಚಿನವರು ಚುಚ್ಚುಮದ್ದಿನ ಚಟಕ್ಕೆ ಬಿದ್ದವರೆಂಬ ಕಹಿಸತ್ಯ ಹಾಗೆಯೇ ಉಳಿಯಿತು.

ವಳಾಂಚೇರಿ ದೂರದ ಊರೇನಲ್ಲ. ಮಂಗಳೂರಿನಲ್ಲಿ ರೈಲು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟಬಹುದು. ಹಾಗಾಗಿ ಇಷ್ಟು ಕಾಲ ಈಶಾನ್ಯ ಭಾರತದ ಅಥವಾ ಪಂಜಾಬಿನ ಸಮಸ್ಯೆಯೆಂದು ನಾವು ಪಕ್ಕಕ್ಕಿಟ್ಟಿದ್ದ ವಿಷಯವೊಂದನ್ನು ಈಗ ಎದುರಿಗಿಟ್ಟುಕೊಂಡು ನೋಡಬೇಕಾಗಿದೆ. ವ್ಯಸನಿಗಳಿಗೆ ಸರ್ಕಾರವೇ ಹೊಸ ಸೂಜಿ-ಸಿರಿಂಜು ಕೊಟ್ಟು ಹಳೆಯದನ್ನು ಹಿಂದಕ್ಕೆ ಪಡೆಯುವ 'ಸೂಜಿ ವಿನಿಮಯ' ಕಾರ್ಯಕ್ರಮವೇ ಆ ವಿಷಯ. ಇದನ್ನು ಕೇಳಿದೊಡನೆ ವಿಶ್ವಾಸಿಗಳಾದ ನಮ್ಮಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಚಟಕ್ಕೆ ಬೇಕಾದ ಸಾಧನವನ್ನು ನಾವೇ ಕೈಗಿತ್ತರೆ ಅದು ಪಾಪಕ್ಕೆ ಸಹಕಾರ ಕೊಟ್ಟಂತಾಗುವುದಿಲ್ಲವೇ?

ರಕ್ತದ ಮೂಲಕ ಸಾಗುವ ರೋಗಗಳು

ಮೊದಲು ರೋಗ ಹೇಗೆ ಹರಡುತ್ತದೆ ಎಂಬುದನ್ನು ತಿಳಿದುಕೊಳ್ಳೋಣ. ರಕ್ತನಾಳಕ್ಕೆ ಚುಚ್ಚಿಕೊಂಡಾಗ ಸ್ವಲ್ಪ ರಕ್ತ ಸಿರಿಂಜಿನೊಳಕ್ಕೆ ಬಂದೇ ಬರುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತ ಅದರಲ್ಲಿ ಉಳಿದರೂ ಸಾಕು, ಅದೇ ಸಿರಿಂಜನ್ನು ಮುಂದೆ ಬಳಸುವವನ ರಕ್ತನಾಳಕ್ಕೆ ಅದು ನೇರವಾಗಿ ಸೇರುತ್ತದೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಎಂಬ ಮೂರು ಸೋಂಕುಗಳಿಗೂ ಇದು ಸುಲಭದ ದಾರಿ. ಇವುಗಳಲ್ಲಿ ಹೆಪಟೈಟಿಸ್ ಸಿ ವೈರಾಣು ಬಹಳ ಗಟ್ಟಿ. ಬಳಸಿ ಬಿಟ್ಟ ಸಿರಿಂಜಿನೊಳಗೆ ಅದು ವಾರಗಟ್ಟಲೆ, ಕೆಲವು ಸಂದರ್ಭಗಳಲ್ಲಿ 63 ದಿನಗಳವರೆಗೂ ಜೀವಂತವಾಗಿರಬಲ್ಲದೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ. ಸೂಜಿಯಷ್ಟೇ ಅಲ್ಲದೆ ಮದ್ದು ಕರಗಿಸುವ ಚಮಚ, ನೀರು, ಹತ್ತಿಯನ್ನು ಹಂಚಿಕೊಂಡರೂ ಅದು ಹರಡಬಹುದು.

ಹೆಪಟೈಟಿಸ್ ಬಿ ತಡೆಯಲು ಲಸಿಕೆ ಇದೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಅದು ದೇಹದಲ್ಲಿ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಇದ್ದು ಕೊನೆಗೆ ಯಕೃತ್ತನ್ನು ಹಾಳುಗೆಡವುತ್ತದೆ. ಇನ್ನು ಈ ಸೋಂಕುಗಳು ಚುಚ್ಚಿಕೊಂಡವನಲ್ಲಿಗೇ ನಿಲ್ಲುವುದಿಲ್ಲ. ಮಣಿಪುರದಲ್ಲಿ ಸೋಂಕಿತ ವ್ಯಸನಿಗಳ ಪತ್ನಿಯರ ಬಗ್ಗೆ ನಡೆದ, 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಪತ್ನಿಯರ ಪೈಕಿ ಶೇ. 45ರಷ್ಟು ಮಂದಿಗೆ ಎಚ್‌ಐವಿ ತಗಲಿತ್ತು. ಈ ಮಹಿಳೆಯರಲ್ಲಿ ಬಹುತೇಕರು ಒಂದು ದಿನವೂ ಮಾದಕ ದ್ರವ್ಯ ಮುಟ್ಟಿದವರಲ್ಲ. ತಾಯಿಯಿಂದ ಹುಟ್ಟುವ ಮಗುವಿಗೂ ಸೋಂಕು ದಾಟುವ ಅಪಾಯವಿತ್ತು.

ಮಣಿಪುರ ಕಲಿಸಿದ ಪಾಠ

ಮಣಿಪುರದ ಗಡಿಯಾಚೆ ಮ್ಯಾನ್ಮಾರ್ ದೇಶವಿದೆ. ಅಲ್ಲಿಂದ ಹೆರಾಯಿನ್ 1980ರ ದಶಕದಲ್ಲಿ ಗಡಿಪಟ್ಟಣ ಮೊರೆಯ ಮೂಲಕ ಇಂಫಾಲಕ್ಕೂ ಗುಡ್ಡಗಾಡು ಜಿಲ್ಲೆಗಳಿಗೂ ಹರಿದು ಬಂತು. ಸಿರಿಂಜು ಸಿಗುವುದು ಕಷ್ಟವಾಗಿದ್ದ ಕಾರಣ ಒಂದೇ ಸಿರಿಂಜು ಹತ್ತಾರು ಕೈ ಬದಲಾಯಿಸುತ್ತಿತ್ತು. 1989-90ರಲ್ಲಿ ಅಲ್ಲಿನ ವ್ಯಸನಿಗಳಲ್ಲಿ ಎಚ್‌ಐವಿ ಮೊದಲಿಗೆ ಪತ್ತೆಯಾಯಿತು. ಪತ್ತೆಯಾದ ಒಂದು ವರ್ಷದೊಳಗೆ, ಪರೀಕ್ಷೆಗೊಳಗಾದವರ ಪೈಕಿ ಅರ್ಧದಷ್ಟು ಮಂದಿ ಸೋಂಕಿತರಾಗಿದ್ದರು! ಲೈಂಗಿಕ ಸಂಪರ್ಕದಿಂದ ಹರಡಲು ವರ್ಷಗಟ್ಟಲೆ ಹಿಡಿಯುವ ರೋಗವೊಂದು ಸೂಜಿಯ ಮೂಲಕ ಕೆಲವೇ ತಿಂಗಳುಗಳಲ್ಲಿ ಒಂದು ತಲೆಮಾರನ್ನೇ ಆವರಿಸಿಕೊಂಡಿತು.

ಆರಂಭದಲ್ಲಿ ಅಲ್ಲಿನ ಸಮಾಜ ಕೊಟ್ಟ ಉತ್ತರ ಶಿಕ್ಷೆ. ವ್ಯಸನಿಗಳನ್ನು ಜೈಲಿಗೆ ತಳ್ಳಲಾಯಿತು, ಹೊಡೆಯಲಾಯಿತು, ಕೆಲವರನ್ನು ಮನೆಯವರೇ ಕಟ್ಟಿಹಾಕಿದರು. ಆದರೆ ಸೋಂಕು ನಿಲ್ಲಲಿಲ್ಲ. ಹೆದರಿದವರು ಇನ್ನಷ್ಟು ಮರೆಗೆ ಹೋಗಿ ಇನ್ನಷ್ಟು ಕೊಳಕು ಸ್ಥಳಗಳಲ್ಲಿ ಚುಚ್ಚಿಕೊಂಡರು. ಕೊನೆಗೆ 1996ರಲ್ಲಿ ಮಣಿಪುರ ಸರ್ಕಾರ ತನ್ನದೇ ಆದ ಏಡ್ಸ್ ನೀತಿಯನ್ನು ರೂಪಿಸಿ, ಚಟ ಬಿಡಲಾಗದವರಿಗೆ ಕನಿಷ್ಠ ಹಾನಿ ತಗ್ಗಿಸುವ ಮಾರ್ಗವನ್ನು ಒಪ್ಪಿಕೊಂಡಿತು. ಹೊಸ ಸೂಜಿ ಕೊಡುವ ಕೆಲಸ ಚುರಾಚಾಂದ್‌ಪುರ, ಇಂಫಾಲ ಮುಂತಾದೆಡೆ ಬೆಳೆಯಿತು. ಅನೇಕ ಕಡೆ ಈ ಕೆಲಸಕ್ಕೆ ಇಳಿದವರು ಚಟದಿಂದ ಹೊರಬಂದ ಯುವಕರೇ. 1990ರ ದಶಕದಲ್ಲಿ ಅರ್ಧಕ್ಕಿಂತಲೂ ಮೇಲಿದ್ದ ಸೋಂಕಿನ ಪ್ರಮಾಣ 2000ರ ದಶಕದ ಮಧ್ಯಭಾಗಕ್ಕೆ ಸುಮಾರು ಕಾಲುಭಾಗಕ್ಕೆ ಇಳಿಯಿತು. ಈ ಇಳಿಕೆಗೆ ಸೋಂಕಿತರ ಸಾವೂ ಒಂದು ಕಾರಣವೆಂಬುದನ್ನು ನಾವು ಮರೆಯಬಾರದು. ಆದರೂ ಹೊಸದಾಗಿ ಚಟಕ್ಕೆ ಬಿದ್ದವರಲ್ಲಿ ಅನೇಕರು ಸೋಂಕಿನಿಂದ ಪಾರಾದರೆಂಬುದು ನಿಜ.

ಈಶಾನ್ಯದ ಸಂಕಟ ಇನ್ನೂ ಮುಗಿದಿಲ್ಲ. 2021ರ ಅಂದಾಜಿನ ಪ್ರಕಾರ ದೇಶದ ವಯಸ್ಕರಲ್ಲಿ ಎಚ್‌ಐವಿ ಪ್ರಮಾಣ ಶೇ. 0.21 ಆಗಿದ್ದರೆ ಮಿಜೋರಾಂನಲ್ಲಿ ಅದು ಸುಮಾರು ಶೇ. 2.7. ಮಿಜೋರಾಂ, ನಾಗಾಲ್ಯಾಂಡ್ ಎರಡೂ ಕ್ರೈಸ್ತರೇ ಬಹುಸಂಖ್ಯಾತರಾಗಿರುವ ರಾಜ್ಯಗಳು. ಪ್ರತಿ ಭಾನುವಾರ ದೇವಾಲಯಗಳು ತುಂಬಿ ತುಳುಕುವ ನಾಡಿನಲ್ಲಿ ಹೀಗಾಗಿದೆ ಎಂದರೆ, ನಮ್ಮ ದೇವಾಲಯಗಳು ತುಂಬಿವೆ ಎಂಬ ಕಾರಣಕ್ಕೆ ನಾವು ನಿಶ್ಚಿಂತರಾಗಿರುವಂತಿಲ್ಲ.

ಸೂಜಿ ವಿನಿಮಯದಲ್ಲಿ ನಡೆಯುವುದೇನು?

ಸೂಜಿ ಹಂಚುವುದಷ್ಟೇ ಈ ಕಾರ್ಯಕ್ರಮವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಸೂಜಿ ಒಂದು ನೆಪ. ಸೂಜಿಗಾಗಿ ಬಂದವನ ಹುಣ್ಣಿಗೆ ಅಲ್ಲಿ ಮದ್ದು ಕಟ್ಟುತ್ತಾರೆ, ರಕ್ತಪರೀಕ್ಷೆಗೆ ಒಪ್ಪಿಸುತ್ತಾರೆ, ಕ್ಷಯದ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳುಹಿಸುತ್ತಾರೆ. ಬಳಸಿದ ಸೂಜಿಯನ್ನು ಹಿಂದಕ್ಕೆ ಪಡೆದು ಸುರಕ್ಷಿತವಾಗಿ ನಾಶಪಡಿಸುವುದರಿಂದ ಅದು ಬೀದಿಯಲ್ಲಿ ಆಡುವ ಮಗುವಿನ ಅಥವಾ ಕಸ ಹೆಕ್ಕುವ ಪೌರಕಾರ್ಮಿಕನ ಕೈಗೆ ಚುಚ್ಚುವುದು ತಪ್ಪುತ್ತದೆ. ಚುಚ್ಚುವುದನ್ನು ಬಿಡಲು ಸಿದ್ಧನಾದವನಿಗೆ ವೈದ್ಯರ ಕಣ್ಣೆದುರಿನಲ್ಲೇ ನಾಲಿಗೆಯಡಿ ಇಟ್ಟುಕೊಳ್ಳುವ ಬುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆಯೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಲಭ್ಯವಿದೆ.

ಇದರಿಂದ ಪ್ರಯೋಜನವಾಗಿದೆಯೇ? ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಹಲವು ದೇಶಗಳ ಅನುಭವವನ್ನು ಪರಿಶೀಲಿಸಿ, ಸೂಜಿ ವಿನಿಮಯದಿಂದ ಎಚ್‌ಐವಿ ಗಣನೀಯವಾಗಿ ತಗ್ಗುತ್ತದೆ, ಅದರಿಂದ ಚಟ ಹೆಚ್ಚುತ್ತದೆ ಎಂಬುದಕ್ಕೆ ನಂಬಲರ್ಹ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂತು. ಹೆಪಟೈಟಿಸ್ ಸಿ ವಿಷಯದಲ್ಲಿ ಮಾತ್ರ ಸೂಜಿಯೊಂದೇ ಸಾಲದು. ಮಾತ್ರೆಯ ಚಿಕಿತ್ಸೆ ಮತ್ತು ಸಾಕಷ್ಟು ಹೊಸ ಸೂಜಿ, ಇವೆರಡೂ ಸೇರಿದಾಗಲೇ ಹೆಚ್ಚಿನ ಫಲ ದೊರೆಯುತ್ತದೆ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಪರಾಮರ್ಶೆಯೊಂದು ತೋರಿಸಿದೆ.

ತಡಮಾಡಿದ್ದಕ್ಕೆ ತೆತ್ತ ಬೆಲೆ

ಈ ಕಾರ್ಯಕ್ರಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಉದಾಹರಣೆ ಸಾಕು. ಅಲ್ಲಿನ ಸ್ಕಾಟ್ ಕೌಂಟಿಯ ಆಸ್ಟಿನ್ ಸುಮಾರು ನಾಲ್ಕು ಸಾವಿರ ಜನರ ಪುಟ್ಟ ಊರು, ನಮ್ಮ ಒಂದು ದೊಡ್ಡ ಧರ್ಮಕೇಂದ್ರದಷ್ಟು ಎನ್ನಬಹುದು. ವರ್ಷಕ್ಕೆ ಐದು ಎಚ್‌ಐವಿ ಪ್ರಕರಣವೂ ಕಾಣದಿದ್ದ ಆ ಕೌಂಟಿಯಲ್ಲಿ 2015ರೊಂದರಲ್ಲೇ 180ಕ್ಕೂ ಹೆಚ್ಚು ಮಂದಿ ಸೋಂಕಿತರಾದರು. ನೋವು ನಿವಾರಕ ಮಾತ್ರೆಯನ್ನು ಕರಗಿಸಿ ಒಂದೇ ಸಿರಿಂಜಿನಿಂದ ಮನೆಮಂದಿಯೆಲ್ಲ ಚುಚ್ಚಿಕೊಂಡ ಪರಿಣಾಮವಿದು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು.

ಆಗ ರಾಜ್ಯಪಾಲರಾಗಿದ್ದ ಮೈಕ್ ಪೆನ್ಸ್ ಧರ್ಮಶ್ರದ್ಧೆಯುಳ್ಳವರು. ಸೂಜಿ ವಿನಿಮಯವನ್ನು ತಾತ್ವಿಕವಾಗಿ ವಿರೋಧಿಸುತ್ತಿದ್ದವರು. ಈ ವಿಷಯವಾಗಿ ಪ್ರಾರ್ಥಿಸಿ ನಿರ್ಧರಿಸುವುದಾಗಿ ಅವರು ಹೇಳಿದ್ದರೆಂದು ವರದಿಯಾಗಿತ್ತು. 2015ರ ಮಾರ್ಚ್ 26ರಂದು ಅವರು ತುರ್ತುಸ್ಥಿತಿ ಘೋಷಿಸಿ ಆ ಕೌಂಟಿಯಲ್ಲಿ ಸೂಜಿ ವಿನಿಮಯಕ್ಕೆ ಅನುಮತಿ ನೀಡಿದರು. ಪರೀಕ್ಷೆ, ಚಿಕಿತ್ಸೆಗಳ ಜೊತೆಗೆ ಇದೂ ಸೇರಿ ಹೊಸ ಸೋಂಕು ಇಳಿಯಿತು. ಆದರೆ ಅಪಾಯ ದೂರವಾದೊಡನೆ ಹಳೆಯ ಅಸಮಾಧಾನ ಮತ್ತೆ ತಲೆಯೆತ್ತಿತು. 2021ರಲ್ಲಿ ಅಲ್ಲಿನ ಕೌಂಟಿ ಆಡಳಿತ ಈ ಕಾರ್ಯಕ್ರಮವನ್ನು ನಿಲ್ಲಿಸಲು ಮತ ಹಾಕಿತು.

ಧರ್ಮಸಭೆಯೊಳಗೆ ಎರಡು ಉತ್ತರ

ಈಗ ನಮ್ಮ ಮೂಲ ಪ್ರಶ್ನೆಗೆ ಬರೋಣ. ಕಥೋಲಿಕ ಧರ್ಮಸಭೆಯಲ್ಲಿ ಈ ಬಗ್ಗೆ ಒಂದೇ ಉತ್ತರ ಬಂದಿಲ್ಲ.

1999ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ, ವ್ಯಸನಿಗಳು ದಾದಿಯರ ಮೇಲ್ವಿಚಾರಣೆಯಲ್ಲಿ ಚುಚ್ಚಿಕೊಳ್ಳುವ ಕೇಂದ್ರವೊಂದನ್ನು ನಡೆಸಲು 'ಸಿಸ್ಟರ್ಸ್ ಆಫ್ ಚಾರಿಟಿ' ಧರ್ಮಭಗಿನಿಯರು ಮುಂದಾದರು. ಬೀದಿಯಲ್ಲಿ ಅತಿಯಾದ ಮದ್ದಿನಿಂದ ಸಾಯುವವರನ್ನು ಉಳಿಸುವುದು ಅವರ ಉದ್ದೇಶ. ಆದರೆ ಕಾರ್ಡಿನಲ್ ರಾಟ್ಜಿಂಗರ್ (ಮುಂದೆ ಜಗದ್ಗುರು 16ನೇ ಬೆನೆಡಿಕ್ಟ್) ಮುಖ್ಯಸ್ಥರಾಗಿದ್ದ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ಮಂಡಳಿ ಇದಕ್ಕೆ ಒಪ್ಪಲಿಲ್ಲ. ಧರ್ಮಭಗಿನಿಯರು ವಿಧೇಯರಾಗಿ ಹಿಂದೆ ಸರಿದರು. ಯುನೈಟಿಂಗ್ ಚರ್ಚ್ ಆ ಹೊಣೆ ಹೊತ್ತು 2001ರ ಮೇ ತಿಂಗಳಲ್ಲಿ ಕೇಂದ್ರವನ್ನು ತೆರೆಯಿತು.

2010ರ ಫೆಬ್ರವರಿಯಲ್ಲಿ ಅಮೆರಿಕದ ಆಲ್ಬನಿ ಧರ್ಮಪ್ರಾಂತ್ಯದಲ್ಲಿ ಬೇರೆಯೇ ನಿರ್ಧಾರವಾಯಿತು. ಧರ್ಮಾಧ್ಯಕ್ಷ ಹೊವಾರ್ಡ್ ಹಬ್ಬರ್ಡ್ ಅವರ ಕಾಲದಲ್ಲಿ ಆ ಧರ್ಮಪ್ರಾಂತ್ಯದ 'ಕಥೋಲಿಕ್ ಚಾರಿಟೀಸ್' ಸಂಸ್ಥೆ ತಾನೇ ಸೂಜಿ ವಿನಿಮಯ ಆರಂಭಿಸಿತು. ಮಾದಕ ದ್ರವ್ಯ ಸೇವನೆ ತಪ್ಪು, ಆದರೆ ಮಾರಕ ರೋಗದ ಹರಡುವಿಕೆ ಅದಕ್ಕಿಂತಲೂ ದೊಡ್ಡ ಕೆಡುಕು ಎಂಬುದು ಅವರ ವಾದ. ಇದನ್ನು ಟೀಕಿಸಿದ ಕಥೋಲಿಕ ಪಂಡಿತರೂ ಇದ್ದರು.

ಇವೆರಡೂ ಒಂದೇ ಬಗೆಯ ಕೆಲಸವಲ್ಲ. ಸಿಡ್ನಿಯಲ್ಲಿ ಚುಚ್ಚಿಕೊಳ್ಳುವ ಕ್ರಿಯೆಯೇ ಸಂಸ್ಥೆಯ ಸೂರಿನಡಿ ನಡೆಯುವುದಿತ್ತು. ಆಲ್ಬನಿಯಲ್ಲಿ ರೋಗ ತಡೆಯುವ ಸಾಧನವನ್ನು ಕೊಡಲಾಯಿತು. ಧರ್ಮಸಭೆಯ ನೈತಿಕ ಬೋಧನೆ ಸಹಕಾರದಲ್ಲಿ ಎರಡು ಬಗೆಯನ್ನು ಗುರುತಿಸುತ್ತದೆ. ಕಳ್ಳನಿಗೆ ಏಣಿ ಹಿಡಿದು ಕಳವು ಆಗಲೆಂದು ತಾನೂ ಬಯಸುವವನು ಪಾಪದಲ್ಲಿ ಪಾಲುದಾರ. ಇದು ಯಾವಾಗಲೂ ತಪ್ಪು. ಇನ್ನೊಬ್ಬನ ತಪ್ಪನ್ನು ತಾನು ಬಯಸದೆ, ತನ್ನ ಒಳ್ಳೆಯ ಕೆಲಸ ಆ ತಪ್ಪಿಗೆ ಎಲ್ಲೋ ಒಂದೆಡೆ ತಾಕುವುದನ್ನು ಸಹಿಸುವವನ ವಿಷಯ ಬೇರೆ. ಅಲ್ಲಿ ಕಾರಣ ಎಷ್ಟು ಗಂಭೀರವಾದದ್ದು, ಆ ಸಂಬಂಧ ಎಷ್ಟು ದೂರದ್ದು, ನೋಡುವವರಿಗೆ ದುರ್ಮಾದರಿಯಾಗುತ್ತದೆಯೇ ಎಂದು ತೂಗಿ ನೋಡಬೇಕಾಗುತ್ತದೆ. ಸೂಜಿ ಕೊಡುವ ದಾದಿಗೆ ಅವನು ಚುಚ್ಚಿಕೊಳ್ಳಲಿ ಎಂಬ ಆಸೆಯಿಲ್ಲ. ಅವನು ಹೇಗೂ ಚುಚ್ಚಿಕೊಳ್ಳುತ್ತಾನೆ. ಇಂದು ಸೋಂಕು ತಗಲದಿರಲಿ ಎಂಬುದಷ್ಟೇ ಅವಳ ಬಯಕೆ.

ಆಕ್ಷೇಪಗಳಿಗೂ ತೂಕವಿದೆ

ಹಾಗೆಂದು ವಿರೋಧಿಸುವವರೆಲ್ಲ ಕರುಣೆಯಿಲ್ಲದವರೆಂದು ಭಾವಿಸಬಾರದು. ಔಷಧಕ್ಕಾಗಿಯಲ್ಲದೆ ಮಾದಕ ದ್ರವ್ಯ ಸೇವಿಸುವುದು ಗಂಭೀರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಬೋಧಿಸುತ್ತದೆ. ಬೀದಿಯಂಚಿನ ವ್ಯಸನಿಗಳನ್ನು ಅಪ್ಪಿಕೊಂಡ ಜಗದ್ಗುರು ಫ್ರಾನ್ಸಿಸರೇ 2014ರ ಜೂನ್‌ನಲ್ಲಿ, ಒಂದು ಮಾದಕ ದ್ರವ್ಯವನ್ನು ಇನ್ನೊಂದರಿಂದ ಗೆಲ್ಲಲಾಗದು, ಬದಲಿ ಮದ್ದು ಕೊಟ್ಟು ಕೈತೊಳೆದುಕೊಳ್ಳುವುದು ಸೋಲೊಪ್ಪಿಕೊಂಡಂತೆ ಎಂಬ ಅರ್ಥದಲ್ಲಿ ಎಚ್ಚರಿಸಿದ್ದರು. ಈ ಎಚ್ಚರಿಕೆ ನಮಗೆ ಬೇಕು. ಸರ್ಕಾರಿ ಯೋಜನೆಯೊಂದು ಸೂಜಿಗಳ ಲೆಕ್ಕವನ್ನಷ್ಟೇ ಬರೆದಿಟ್ಟು, ಎಷ್ಟು ಮಂದಿ ಚಟ ಬಿಟ್ಟರು, ಎಷ್ಟು ಮಂದಿ ಮನೆಗೆ ಮರಳಿದರು ಎಂದು ಕೇಳದೇ ಹೋದರೆ ಅದು ಅರ್ಧ ಕೆಲಸ. ಮನುಷ್ಯನು ರೋಗ ಹರಡದಿದ್ದರೆ ಸಾಕು, ಅವನು ಹೇಗಾದರೂ ಬದುಕಲಿ ಎನ್ನುವುದು ಕ್ರೈಸ್ತ ಪ್ರೀತಿಯಲ್ಲ.

ಆದರೆ ಇನ್ನೊಂದು ಬದಿಯೂ ಇದೆ. ಚಟ ಬಿಟ್ಟ ಮೇಲೆ ಮಾತ್ರ ಹತ್ತಿರ ಬಾ ಎಂದರೆ, ಬಿಡಲು ಹಲವು ಬಾರಿ ಯತ್ನಿಸಿ ಸೋತವನು ಎಲ್ಲಿಗೆ ಹೋಗಬೇಕು? ಕುಡಿತ ಬಿಡಲು ಯತ್ನಿಸಿದವರು ಒಂದೇ ಸಲಕ್ಕೆ ಗೆಲ್ಲುವುದು ಅಪರೂಪವೆಂಬುದನ್ನು ಮದ್ಯವರ್ಜನ ಶಿಬಿರಗಳಲ್ಲಿ ದುಡಿದ ನಮ್ಮ ಕಾರ್ಯಕರ್ತರು ಚೆನ್ನಾಗಿ ಬಲ್ಲರು. ನಾಳೆ ಮನಸ್ಸು ತಿರುಗಬಹುದಾದವನು ಇಂದು ಸಾಯದೆ ಉಳಿಯಬೇಕು. ಸತ್ತವನಿಗೆ ಪಶ್ಚಾತ್ತಾಪಪಡಲು, ಮಕ್ಕಳ ಮುಖ ನೋಡಲು ಮತ್ತೊಂದು ಅವಕಾಶವಿಲ್ಲ.

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಕಥೋಲಿಕ ಸಂಸ್ಥೆಯೊಂದು ತಾನೇ ಸೂಜಿ ಹಂಚಬೇಕೇ ಎಂಬುದು ಆಯಾ ಧರ್ಮಾಧ್ಯಕ್ಷರು ಸ್ಥಳೀಯ ಸ್ಥಿತಿಗತಿ ನೋಡಿ ತೀರ್ಮಾನಿಸಬೇಕಾದ ವಿಷಯ. ಆದರೆ ಆರೋಗ್ಯ ಇಲಾಖೆ ನಡೆಸುವ ಇಂತಹ ಕೆಲಸವನ್ನು ವಿಶ್ವಾಸಿಗಳು ಬೀದಿಗಿಳಿದು ವಿರೋಧಿಸಲು, ಅಲ್ಲಿ ದುಡಿಯುವ ದಾದಿ ಅಥವಾ ಸಮಾಜಸೇವಕಿಯನ್ನು ಪಾಪಿಯಂತೆ ಕಾಣಲು ನೈತಿಕ ಆಧಾರವಿಲ್ಲ.

ನಮ್ಮ ಕರಾವಳಿಗೇನು ಸಂಬಂಧ?

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 8.5 ಲಕ್ಷ ಮಂದಿ ಮಾದಕ ದ್ರವ್ಯ ಚುಚ್ಚಿಕೊಳ್ಳುತ್ತಾರೆ. ಅವರ ಸಂಖ್ಯೆ ಹೆಚ್ಚಿರುವ ರಾಜ್ಯಗಳ ಪಟ್ಟಿಯಲ್ಲಿ ಮಣಿಪುರ, ಪಂಜಾಬ್‌ಗಳ ಜೊತೆ ಕರ್ನಾಟಕದ ಹೆಸರೂ ಇತ್ತು! ಹೆರಾಯಿನ್‌ನಷ್ಟೇ ಪ್ರಮಾಣದಲ್ಲಿ ಔಷಧದ ಅಂಗಡಿಯಲ್ಲಿ ಸಿಗುವ ನೋವಿನ ಮದ್ದುಗಳೂ ಚುಚ್ಚಿಕೊಳ್ಳಲು ಬಳಕೆಯಾಗುತ್ತಿದ್ದವು. 2021ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಚುಚ್ಚಿಕೊಳ್ಳುವವರ ಪೈಕಿ ಶೇ. 9ರಷ್ಟು ಮಂದಿಗೆ ಎಚ್‌ಐವಿ ಇತ್ತು. ಕಾಲೇಜುಗಳೂ ಹಾಸ್ಟೆಲುಗಳೂ ತುಂಬಿರುವ, ದೇಶದ ಎಲ್ಲೆಡೆಯಿಂದ ವಿದ್ಯಾರ್ಥಿಗಳು ಬಂದು ನೆಲೆಸುವ ನಮ್ಮ ಜಿಲ್ಲೆಗಳು ಈ ಲೆಕ್ಕದಿಂದ ಹೊರಗಿವೆ ಎಂದುಕೊಳ್ಳುವುದು ಜಾಣತನವಲ್ಲ.

ಕಾನೂನಿನ ವಿಷಯದಲ್ಲೂ ಗೊಂದಲವಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಮಾದಕ ದ್ರವ್ಯ ಸೇವನೆ ಇಂದಿಗೂ ಅಪರಾಧ. ಆದರೆ ಅದೇ ಕಾಯ್ದೆ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಕೆಲವು ಷರತ್ತುಗಳ ಮೇಲೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ 2017ರ ಎಚ್‌ಐವಿ ಕಾಯ್ದೆ, ಸೋಂಕು ತಡೆಯಲು ಶುದ್ಧ ಸೂಜಿ ಒದಗಿಸುವುದು ಅಪರಾಧವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ.

ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ

ಸೂಜಿ ಹಂಚದೆಯೂ ನಮ್ಮ ಧರ್ಮಕೇಂದ್ರಗಳು ಮಾಡಬಹುದಾದ ಕೆಲಸ ಬಹಳಷ್ಟಿದೆ. ಮೊದಲನೆಯದಾಗಿ, ಮಾಹಿತಿ. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ ಮತ್ತು ಗೋಪ್ಯ. ಎಚ್‌ಐವಿ ಔಷಧವನ್ನು ಸರ್ಕಾರ 2004ರಿಂದ ಉಚಿತವಾಗಿ ಕೊಡುತ್ತಿದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಸಿಗೂ ಉಚಿತ ಚಿಕಿತ್ಸೆಯಿದೆ. ಸಾಮಾನ್ಯವಾಗಿ 12 ವಾರ ಮಾತ್ರೆ ತೆಗೆದುಕೊಂಡರೆ ಬಹುಪಾಲು ಮಂದಿ ಪೂರ್ತಿ ಗುಣವಾಗುತ್ತಾರೆ. ಏಡ್ಸ್ ಸಹಾಯವಾಣಿ 1097, ವ್ಯಸನಮುಕ್ತಿ ಸಹಾಯವಾಣಿ 14446. ಈ ಎರಡು ಸಂಖ್ಯೆಗಳನ್ನು ದೇವಾಲಯದ ಸೂಚನಾ ಫಲಕದಲ್ಲಿ ಹಾಕಲು ಎಷ್ಟು ಖರ್ಚಾದೀತು?

ಎರಡನೆಯದಾಗಿ, ಮನೆಯವರಿಗೆ ಆಸರೆ. ಮಗ ಕುಡಿಯುತ್ತಾನೆಂದರೆ ನಮ್ಮ ತಾಯಂದಿರು ಗುರಿಕಾರರ ಬಳಿಯಾದರೂ ಹೇಳಿಕೊಳ್ಳುತ್ತಾರೆ. ಮಗ ಚುಚ್ಚಿಕೊಳ್ಳುತ್ತಾನೆಂದರೆ ಯಾರಲ್ಲಿ ಹೇಳಿಕೊಳ್ಳುವುದು? ಅಕ್ಕಪಕ್ಕದವರ ಬಾಯಿಗೆ ಬೀಳುವ ಭಯದಿಂದ ಬಾಗಿಲು ಮುಚ್ಚಿಕೊಳ್ಳುವ ಮನೆಗೆ ಧರ್ಮಗುರುಗಳು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಹೋಗಬೇಕು. ಕೇಳಿದ ಮಾತು ಅಲ್ಲೇ ಉಳಿಯಬೇಕು. ಯುವ ಸಂಘಟನೆಗಳ ಸಭೆಗಳಲ್ಲಿ ಗಾಂಜಾ ಬೇಡ, ಡ್ರಗ್ಸ್ ಬೇಡ ಎಂಬ ಘೋಷಣೆಯ ಜೊತೆಗೆ, ಸೂಜಿ ಹಂಚಿಕೊಂಡರೆ ಏನಾಗುತ್ತದೆ ಎಂಬ ವಿಷಯವನ್ನೂ ವೈದ್ಯರಿಂದ ನೇರವಾಗಿ ಹೇಳಿಸಬೇಕು.

ಮೂರನೆಯದಾಗಿ, ಸೋಂಕಿತರ ಬಗ್ಗೆ ನಮ್ಮ ನಡವಳಿಕೆ. ಜೊತೆಗೆ ಕುಳಿತು ಉಂಡರೆ, ಕೈ ಹಿಡಿದರೆ, ಒಂದೇ ಬೆಂಚಿನಲ್ಲಿ ಕುಳಿತು ಬಲಿಪೂಜೆಯಲ್ಲಿ ಭಾಗವಹಿಸಿದರೆ ಎಚ್‌ಐವಿ ಆಗಲಿ ಹೆಪಟೈಟಿಸ್ ಬಿ, ಸಿ ಆಗಲಿ ಹರಡುವುದಿಲ್ಲ. ಆದರೂ ಸೋಂಕಿತನ ಮನೆಯ ಮದುವೆಗೆ, ಮರಣಕ್ಕೆ ಜನ ಹಿಂಜರಿಯುವುದುಂಟು.

1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ತೊಡಗಿದ ಯೇಸುಸಭೆಯ ಗುರು ಫಾದರ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನೂ ತೆರೆದರು. ಕುಷ್ಠವನ್ನು ಪಾಪದ ಫಲವೆಂದು ನಂಬಿ ರೋಗಿಯನ್ನು ಊರಾಚೆ ಅಟ್ಟುತ್ತಿದ್ದ ಕಾಲವದು. ಅವರ ಹೆಸರು ಹೇಳಿ ಹೆಮ್ಮೆಪಡುವ ಈ ಕರಾವಳಿಯ ವಿಶ್ವಾಸಿಗಳಾದ ನಾವು, ನಮ್ಮ ಕಾಲದ ರೋಗಿಯನ್ನು ಹೇಗೆ ಕಾಣುತ್ತಿದ್ದೇವೆ ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಶುದ್ಧ ಸೂಜಿ ಒಬ್ಬನನ್ನು ಒಂದು ದಿನದ ಮಟ್ಟಿಗೆ ಸೋಂಕಿನಿಂದ ಉಳಿಸಬಹುದು. ಅವನನ್ನು ಚಟದಿಂದ ಬಿಡಿಸಿ ಮನೆಗೆ ಕರೆತರುವ ಕೆಲಸವನ್ನು ಸೂಜಿ ಮಾಡಲಾರದು. ಅದು ಮನುಷ್ಯರ ಕೆಲಸ. ಅದನ್ನು ಮಾಡಲು ನಮ್ಮ ಧರ್ಮಕೇಂದ್ರಗಳು ಸಿದ್ಧವಿವೆಯೇ?